ಥೈರಾಯ್ಡ್ ಮತ್ತು ರಕ್ತದ ಕ್ಯಾಲ್ಸಿಯಂ: ನೆರೆಹೊರೆಯ ಗೊಂದಲದಿಂದ ಮೂಳೆಯ ಒಳಗಿನವರೆಗೆ

ಥೈರಾಯ್ಡ್ ಗ್ರಂಥಿ ಅತಿಯಾಗಿ ಸ್ರವಿಸತೊಡಗಿದರೆ ರಕ್ತದ ಕ್ಯಾಲ್ಸಿಯಂ ಏರಬಹುದು. ಇಂಥ ರೋಗಿಗಳಲ್ಲಿ ಐವರಲ್ಲಿ ಒಬ್ಬರವರೆಗೂ ಈ ಏರಿಕೆ ಕಾಣುತ್ತದೆಂದು ವೈದ್ಯಪಠ್ಯಗಳು ಹೇಳುತ್ತವೆ. ಏರಿಕೆ ಸಾಮಾನ್ಯವಾಗಿ ಅಲ್ಪ. ಡೆಸಿಲೀಟರಿಗೆ 8.5ರಿಂದ 10.5 ಮಿಲಿಗ್ರಾಂ ಇರಬೇಕಾದದ್ದು 11ರ ಆಸುಪಾಸಿಗೆ ಬಂದು ನಿಲ್ಲುತ್ತದೆ. 12 ದಾಟುವುದು ಅಪರೂಪ. ಇಷ್ಟು ಸಣ್ಣ ಮಾತನ್ನು ಖಚಿತವಾಗಿ ಹೇಳಲು ವೈದ್ಯವಿಜ್ಞಾನಕ್ಕೆ ಎಂಬತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ತಡವಾಗಲು ಒಂದು ಕಾರಣ ಅಂಗರಚನೆಯಲ್ಲೇ ಇದೆ. ಕ್ಯಾಲ್ಸಿಯಂ ಕಾಯುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಥೈರಾಯ್ಡಿನ ಬೆನ್ನಿಗೇ ಅಂಟಿಕೊಂಡಿವೆ. ಅಕ್ಕಿಕಾಳಿಗಿಂತ ಹೆಚ್ಚು ದೊಡ್ಡದಲ್ಲದ ಈ ನಾಲ್ಕು ಗ್ರಂಥಿಗಳ ಕೆಲಸವನ್ನು ಥೈರಾಯ್ಡಿನ ಲೆಕ್ಕಕ್ಕೂ, ಥೈರಾಯ್ಡಿನ ಕೆಲಸವನ್ನು ಅವುಗಳ ಲೆಕ್ಕಕ್ಕೂ ಬರೆದದ್ದು ಈ ಚರಿತ್ರೆಯ ಮೊದಲ ಅಧ್ಯಾಯ.

ಪ್ಯಾರಾಥೈರಾಯ್ಡ್ ಮೊದಲು ಕಣ್ಣಿಗೆ ಬಿದ್ದದ್ದು ಮನುಷ್ಯನಲ್ಲಲ್ಲ, ಭಾರತದ ಒಂದು ಘೇಂಡಾಮೃಗದಲ್ಲಿ. ಲಂಡನ್ನಿನ ಮೃಗಾಲಯದಲ್ಲಿ 1849ರಲ್ಲಿ ಸತ್ತ ಆ ಪ್ರಾಣಿಯನ್ನು ಸೀಳಿ ನೋಡಿದ ರಿಚರ್ಡ್ ಓವನ್, ಥೈರಾಯ್ಡಿಗೆ ಹತ್ತಿಕೊಂಡಿದ್ದ ಹಳದಿ ಬಣ್ಣದ ಒಂದು ಪುಟ್ಟ ಗ್ರಂಥಿಯನ್ನು ಗುರುತಿಸಿದ. ಮನುಷ್ಯರಲ್ಲಿ ಇವನ್ನು ವಿವರಿಸಿ ಹೆಸರಿಟ್ಟವನು ಸ್ವೀಡನ್ನಿನ ಉಪ್ಸಲಾದ ವೈದ್ಯಕೀಯ ವಿದ್ಯಾರ್ಥಿ ಐವಾರ್ ಸ್ಯಾಂಡ್‌ಸ್ಟ್ರೋಮ್, ಅದು 1880ರಲ್ಲಿ. ಸ್ವೀಡಿಷ್ ಭಾಷೆಯ ಆ ಬರಹವನ್ನು ಹೊರಗೆ ಹೆಚ್ಚು ಜನ ಗಮನಿಸಲಿಲ್ಲ. ಅದೇ ಕಾಲಕ್ಕೆ ವಿಯೆನ್ನಾ ಮತ್ತು ಬರ್ನ್ ನಗರಗಳ ಶಸ್ತ್ರಚಿಕಿತ್ಸಕರು ಗಳಗಂಡವನ್ನು ಕತ್ತರಿಸಿ ತೆಗೆಯುವುದರಲ್ಲಿ ಪಳಗುತ್ತಿದ್ದರು. ವಿಯೆನ್ನಾದ ಬಿಲ್‌ರಾತ್‌ನ ಕೆಲವು ರೋಗಿಗಳಿಗೆ ಶಸ್ತ್ರಕ್ರಿಯೆಯ ನಂತರ ಕೈಕಾಲು ಸೆಟೆದುಕೊಳ್ಳುತ್ತಿತ್ತು; ಬರ್ನ್‌ನಲ್ಲಿದ್ದ ಕೋಕರ್‌ನ ರೋಗಿಗಳು ತಿಂಗಳುಗಳ ಮೇಲೆ ಊದಿಕೊಂಡು ಜಡವಾಗುತ್ತಿದ್ದರು. ಒಂದೇ ಶಸ್ತ್ರಕ್ರಿಯೆಗೆ ಎರಡು ಬೇರೆ ಪರಿಣಾಮ ಏಕೆ? ಸೆಟೆತಕ್ಕೆ ಪ್ಯಾರಾಥೈರಾಯ್ಡ್ ಹೋದದ್ದೂ ಜಡತೆಗೆ ಥೈರಾಯ್ಡ್ ಹೋದದ್ದೂ ಕಾರಣ ಎಂಬುದು ಇಂದು ಒಂದೇ ಸಾಲಿನ ಉತ್ತರ. ಆಗ ಅದು ಒಗಟಾಗಿತ್ತು. ಫ್ರಾನ್ಸಿನ ಯುಜೀನ್ ಗ್ಲೇ 1891ರಲ್ಲಿ ಪ್ರಾಣಿಗಳ ಮೇಲೆ ಮಾಡಿದ ಪ್ರಯೋಗಗಳು ಒಗಟನ್ನು ಬಿಡಿಸತೊಡಗಿದವು. 1909ರಲ್ಲಿ ಅಮೆರಿಕದ ಮ್ಯಾಕಲಮ್ ಮತ್ತು ಫೋಗ್ಟ್ಲಿನ್ ಸೆಟೆತದ ಹಿಂದಿರುವುದು ಕ್ಯಾಲ್ಸಿಯಂ ಕೊರತೆ ಎಂದು ತೋರಿಸಿದರು. ಕೋಕರ್‌ಗೆ ಥೈರಾಯ್ಡ್ ಕೆಲಸಕ್ಕಾಗಿ ನೊಬೆಲ್ ಬಂದದ್ದೂ ಅದೇ ವರ್ಷ.

ಇತ್ತ ಮೂಳೆಯ ಕಡೆಯಿಂದ ಇನ್ನೊಂದು ಸುಳಿವು ಹೊರಟಿತ್ತು. ಜರ್ಮನಿಯ ರೋಗಶಾಸ್ತ್ರಜ್ಞ ಫಾನ್ ರೆಕ್ಲಿಂಗ್‌ಹೌಸನ್ 1891ರಲ್ಲಿ, ಥೈರಾಯ್ಡ್ ಅತಿಸ್ರಾವದಿಂದ ಸತ್ತ ಯುವತಿಯೊಬ್ಬಳ ಉದ್ದನೆಯ ಮೂಳೆಗಳು ಹುಳು ತಿಂದಂತೆ ಇದ್ದವೆಂದು ಬರೆದ. ಚೀಲಗಳಂತೆ ಟೊಳ್ಳಾಗುವ ಮತ್ತೊಂದು ಮೂಳೆರೋಗವನ್ನೂ ಅವನು ಅದೇ ವರ್ಷ ವಿವರಿಸಿದ. ಈ ಎರಡನೆಯದೇ ಅವನ ಹೆಸರನ್ನು ಉಳಿಸಿತು, ಅದು ಪ್ಯಾರಾಥೈರಾಯ್ಡಿನ ರೋಗವೆಂದು ಆಮೇಲೆ ಸಿದ್ಧವಾಯಿತು. ಹುಳು ತಿಂದ ಮೂಳೆಯ ಮಾತು ಹಿನ್ನೆಲೆಗೆ ಸರಿಯಿತು. ಥೈರಾಯ್ಡಿನ ದೃಷ್ಟಿಯಿಂದ ಹೆಚ್ಚು ಬೆಲೆಬಾಳುವುದು ಅದೇ ಆಗಿತ್ತು.

1920ರ ದಶಕ ಪ್ಯಾರಾಥೈರಾಯ್ಡಿಗೇ ಸೇರಿದ್ದು. ಕೆನಡಾದ ಜೇಮ್ಸ್ ಕಾಲಿಪ್ 1925ರಲ್ಲಿ ಅದರ ಹಾರ್ಮೋನಿನ ಪ್ರಬಲ ಸಾರ ತಯಾರಿಸಿದ. ಅದೇ ವರ್ಷ ವಿಯೆನ್ನಾದಲ್ಲಿ ಫೆಲಿಕ್ಸ್ ಮಾಂಡ್ಲ್, ಮೂಳೆ ಮುರಿದು ನಡೆಯಲಾಗದೆ ಮಲಗಿದ್ದ ಟ್ರ್ಯಾಮ್ ನಿರ್ವಾಹಕನೊಬ್ಬನ ಕತ್ತಿನಿಂದ ಪ್ಯಾರಾಥೈರಾಯ್ಡ್ ಗಡ್ಡೆಯನ್ನು ತೆಗೆದ. ಅದಕ್ಕೆ ಮೊದಲು ಅವನು ಆ ರೋಗಿಗೆ ಪ್ಯಾರಾಥೈರಾಯ್ಡ್ ಸಾರ ಕೊಟ್ಟು, ಬೇರೊಬ್ಬರ ಗ್ರಂಥಿಯನ್ನು ನಾಟಿ ಹಾಕಿಯೂ ನೋಡಿದ್ದ. ಮೂಳೆ ಕೆಟ್ಟದ್ದಕ್ಕೆ ಗ್ರಂಥಿ ಊದಿಕೊಂಡಿದೆ ಎಂಬ ಆಗಿನ ನಂಬಿಕೆ ಹಾಗೆ ಮಾಡಿಸಿತ್ತು. ಗಡ್ಡೆ ತೆಗೆದ ಮೇಲೆ ರೋಗಿ ಚೇತರಿಸಿಕೊಂಡಾಗ ಕಾರಣ ಮತ್ತು ಪರಿಣಾಮ ಅದಲುಬದಲಾದವು. ಅಲ್ಲಿಂದ ಮುಂದೆ ಕ್ಯಾಲ್ಸಿಯಂ ಏರಿತೆಂದರೆ ಪ್ಯಾರಾಥೈರಾಯ್ಡ್ ಎಂಬುದು ಗಾದೆಯಂತಾಯಿತು.

ಥೈರಾಯ್ಡಿಗೂ ಇದರಲ್ಲಿ ಸ್ವಂತ ಪಾತ್ರವಿದೆ ಎಂದು ಅಳೆದು ತೋರಿಸಿದವರು ಬಾಸ್ಟನ್ನಿನ ಜೋಸೆಫ್ ಆಬ್ ಮತ್ತು ಸಂಗಡಿಗರು. ಅವರ 1929ರ ಅಧ್ಯಯನದ ವಿಧಾನ ಶ್ರಮದ್ದು. ರೋಗಿ ತಿನ್ನುವ ಕ್ಯಾಲ್ಸಿಯಂ ಎಷ್ಟು, ಮಲಮೂತ್ರಗಳಲ್ಲಿ ಹೊರಹೋಗುವುದು ಎಷ್ಟು ಎಂದು ದಿನಗಟ್ಟಲೆ ಲೆಕ್ಕ ಇಡಬೇಕು. ಅತಿಸ್ರಾವದ ರೋಗಿಗಳಲ್ಲಿ ಜಮೆಗಿಂತ ಖರ್ಚು ಹೆಚ್ಚು ಬಂತು; ಅದು ಮೂಳೆಯಿಂದಲೇ ಬರುತ್ತಿರಬೇಕು. ಆದರೂ ರಕ್ತದ ಮಟ್ಟ ಬಹುತೇಕ ಮಾಮೂಲಾಗಿಯೇ ಕಂಡಿತು. ಮೂತ್ರಪಿಂಡಗಳು ಹೆಚ್ಚುವರಿಯನ್ನು ಹೊರಹಾಕುತ್ತಿರುವವರೆಗೆ ರಕ್ತದಲ್ಲಿ ಅದು ಕಾಣುವುದಿಲ್ಲ ಎಂಬ ಈ ಪಾಠ ಇಂದಿಗೂ ಸಲ್ಲುತ್ತದೆ. ನೀರು ಬತ್ತಿದ, ವಾಂತಿಯಾಗುತ್ತಿರುವ ಅಥವಾ ಹಾಸಿಗೆ ಹಿಡಿದ ರೋಗಿಯಲ್ಲಿ ಏರಿಕೆ ಥಟ್ಟನೆ ಬಯಲಾಗುವುದು ಇದರಿಂದಲೇ. 1956ರಲ್ಲಿ ಸ್ಟೀಫನ್ ಕ್ರೇನ್ ಮತ್ತು ಸಹೋದ್ಯೋಗಿಗಳು ವಿಕಿರಣಶೀಲ ಕ್ಯಾಲ್ಸಿಯಂ ಬಳಸಿ ಆಬ್‌ನ ಲೆಕ್ಕಕ್ಕೆ ಇನ್ನೊಂದು ಆಧಾರ ಕೊಟ್ಟರು. ಥೈರಾಯ್ಡ್ ಹೆಚ್ಚಾದಾಗ ಮೂಳೆಗೂ ರಕ್ತಕ್ಕೂ ನಡುವಿನ ಕ್ಯಾಲ್ಸಿಯಂ ಓಡಾಟ ಚುರುಕಾಗುತ್ತದೆ, ಕಡಿಮೆಯಾದಾಗ ಮಂದವಾಗುತ್ತದೆ.

1950ರ ದಶಕದಿಂದ ಥೈರಾಯ್ಡ್ ಅತಿಸ್ರಾವದಲ್ಲಿ ಕ್ಯಾಲ್ಸಿಯಂ ಏರಿದ ರೋಗಿಗಳ ವರದಿಗಳು ಒಂದೊಂದಾಗಿ ಬಂದವು. ಅವನ್ನು ನಂಬಲು ಹಿಂಜರಿದವರಿಗೆ ಸಕಾರಣವಿತ್ತು: ಆ ರೋಗಿಗೆ ಪ್ಯಾರಾಥೈರಾಯ್ಡ್ ಗಡ್ಡೆಯೂ ಇದ್ದಿರಬಾರದೇಕೆ? ಉತ್ತರ ಕೊಡಲು ಪ್ಯಾರಾಥೈರಾಯ್ಡ್ ಹಾರ್ಮೋನನ್ನೇ, ಅಂದರೆ ಪಿಟಿಎಚ್ ಅನ್ನೇ ಅಳೆಯಬೇಕಿತ್ತು. 1963ರಲ್ಲಿ ಬರ್ಸನ್, ಯಾಲೋ, ಆರ್‌ಬಾಕ್ ಮತ್ತು ಪಾಟ್ಸ್ ಅದಕ್ಕೆ ರೇಡಿಯೋ ಇಮ್ಯುನೋಅಸೇ ವಿಧಾನ ಕಂಡುಕೊಂಡರು. ಇದೇ ಬಗೆಯ ಅಳತೆಗಾಗಿ ರೊಸಲಿನ್ ಯಾಲೋಗೆ 1977ರಲ್ಲಿ ನೊಬೆಲ್ ಬಂತು. ನಡುವೆ ಪ್ರಯೋಗಾಲಯದ ಯಂತ್ರಗಳು ಕ್ಯಾಲ್ಸಿಯಂ ಪರೀಕ್ಷೆಯನ್ನು ಯಾರಿಗೆ ಬೇಕಾದರೂ ಮಾಡುವ ಮಾಮೂಲಿ ಕೆಲಸವಾಗಿಸಿದವು. ಹುಡುಕದೆಯೇ ಸಿಗುವ ಏರಿಕೆಗಳ ಸಂಖ್ಯೆ ಬೆಳೆಯಿತು.

ಈ ವಿಷಯದಲ್ಲಿ 1976ರಷ್ಟು ಫಲವತ್ತಾದ ವರ್ಷ ಮತ್ತೊಂದಿಲ್ಲ. ಬರ್ಮನ್ ಮತ್ತು ಸಂಗಡಿಗರು ಅತಿಸ್ರಾವದ ರೋಗಿಗಳಲ್ಲಿ ಒಟ್ಟು ಕ್ಯಾಲ್ಸಿಯಮ್ಮನ್ನೂ, ಪ್ರೋಟೀನಿಗೆ ಅಂಟದೆ ಬಿಡಿಯಾಗಿ ತಿರುಗುವ ಅಯಾನು ರೂಪದ ಕ್ಯಾಲ್ಸಿಯಮ್ಮನ್ನೂ ಬೇರೆಬೇರೆ ಅಳೆದರು. ಒಟ್ಟು ಮಟ್ಟ ಶೇ. 27 ಮಂದಿಯಲ್ಲಿ ಏರಿತ್ತು, ಬಿಡಿ ಮಟ್ಟ ಶೇ. 47 ಮಂದಿಯಲ್ಲಿ. ವ್ಯತ್ಯಾಸಕ್ಕೆ ಒಂದು ಕಾರಣವನ್ನು ಊಹಿಸುವುದು ಕಷ್ಟವಲ್ಲ. ರಕ್ತದ ಕ್ಯಾಲ್ಸಿಯಮ್ಮಿನ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಭಾಗ ಆಲ್ಬುಮಿನ್ ಮೊದಲಾದ ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ. ಸೊರಗಿದ ರೋಗಿಯಲ್ಲಿ ಆಲ್ಬುಮಿನ್ ಇಳಿದಿದ್ದರೆ ಒಟ್ಟು ಲೆಕ್ಕ ಸುಳ್ಳೇ ಸರಿಯಾಗಿ ಕಾಣುತ್ತದೆ. ಅದೇ ವರ್ಷ ಗ್ರೆಗರಿ ಮಂಡಿ, ಲಾರೆನ್ಸ್ ರೈಸ್ ಮುಂತಾದವರು ಇಲಿಭ್ರೂಣದ ಮೂಳೆಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ ಥೈರಾಯ್ಡ್ ಹಾರ್ಮೋನು ಸೇರಿಸಿದರು. ಪಾತ್ರೆಯೊಳಗೆ ಪ್ಯಾರಾಥೈರಾಯ್ಡೂ ಇಲ್ಲ, ಕರುಳೂ ಇಲ್ಲ, ಮೂತ್ರಪಿಂಡವೂ ಇಲ್ಲ. ಆದರೂ ಮೂಳೆ ಕರಗಿ ಕ್ಯಾಲ್ಸಿಯಂ ಹೊರಬಂತು. ನೆರೆಹೊರೆಯ ವ್ಯಾಜ್ಯವನ್ನು ತೀರಿಸಿದ್ದು ಈ ಪ್ರಯೋಗವೇ ಎನ್ನಬೇಕು. ಮೂರನೆಯದಾಗಿ, ರೂಡ್ ಮತ್ತು ಸಂಗಡಿಗರು ಎದೆಬಡಿತ ತಗ್ಗಿಸಲು ಕೊಡುವ ಪ್ರೊಪ್ರನಲಾಲ್ ಮಾತ್ರೆ ಇಂಥವರ ಕ್ಯಾಲ್ಸಿಯಮ್ಮನ್ನೂ ಇಳಿಸಬಲ್ಲದು ಎಂದು ವರದಿ ಮಾಡಿದರು.

ಹೀಗೆ ಮೂಡಿದ ಚಿತ್ರ ಸುಸಂಬದ್ಧವಾಗಿದೆ. ಥೈರಾಯ್ಡ್ ಹಾರ್ಮೋನು ಮೂಳೆಯನ್ನು ಕರಗಿಸುತ್ತದೆ, ರಕ್ತದ ಕ್ಯಾಲ್ಸಿಯಂ ಏರುತ್ತದೆ, ಪ್ಯಾರಾಥೈರಾಯ್ಡ್ ಅದನ್ನು ಅರಿತು ತನ್ನ ಸ್ರಾವವನ್ನು ತಗ್ಗಿಸುತ್ತದೆ. ಪಿಟಿಎಚ್ ಇಳಿದಾಗ ಮೂತ್ರಪಿಂಡದಲ್ಲಿ ವಿಟಮಿನ್ ಡಿ ಸಕ್ರಿಯ ರೂಪ ತಳೆಯುವುದು ಕಡಿಮೆಯಾಗಿ, ಕರುಳು ಆಹಾರದ ಕ್ಯಾಲ್ಸಿಯಮ್ಮನ್ನು ಅಷ್ಟಾಗಿ ಹೀರುವುದಿಲ್ಲ. ಏರಿಕೆ ಅಲ್ಪದಲ್ಲೇ ನಿಲ್ಲುವುದಕ್ಕೆ ಈ ತಡೆಗಳೇ ಕಾರಣ. ಪ್ಯಾರಾಥೈರಾಯ್ಡ್ ಗಡ್ಡೆಯಲ್ಲಾದರೆ ಕಾವಲುಗಾರನೇ ಕೆಟ್ಟಿರುತ್ತಾನೆ; ಕ್ಯಾಲ್ಸಿಯಂ ಏರಿದ್ದರೂ ಪಿಟಿಎಚ್ ಇಳಿಯುವುದಿಲ್ಲ. ಇಂದು ಎರಡನ್ನೂ ಬೇರ್ಪಡಿಸುವುದು ಈ ಒಂದು ಪರೀಕ್ಷೆ. ಕ್ಯಾಲ್ಸಿಯಮ್ಮನ್ನು ಗ್ರಹಿಸುವ ರಿಸೆಪ್ಟರಿನ ಜೀನು 1993ರಲ್ಲಿ ಕೈಗೆ ಸಿಕ್ಕ ಮೇಲೆ ಕಾವಲು ನಡೆಯುವ ಬಗೆಯೂ ಅಣುಮಟ್ಟದಲ್ಲಿ ತಿಳಿಯಿತು.

ಮೂಳೆಯೊಳಗೆ ನಡೆಯುವುದನ್ನು ಡೆನ್ಮಾರ್ಕಿನ ಎರಿಕ್ಸೆನ್, ಮೋಸೆಕಿಲ್ಡೆ ಮತ್ತು ಮೆಲ್ಸೆನ್ 1980ರ ದಶಕದಲ್ಲಿ ಕಣ್ಣಿಗೆ ಕಟ್ಟಿದರು. ಮೂಳೆ ಸದಾ ತನ್ನನ್ನು ಕೆಡವಿ ಕಟ್ಟಿಕೊಳ್ಳುವ ಕಟ್ಟಡ. ಆಸ್ಟಿಯೋಕ್ಲಾಸ್ಟ್ ಕೋಶಗಳು ಒಂದು ಗುಳಿ ತೋಡುತ್ತವೆ, ಆಸ್ಟಿಯೋಬ್ಲಾಸ್ಟ್ ಕೋಶಗಳು ಅದನ್ನು ತುಂಬುತ್ತವೆ. ಈ ಸುತ್ತಿಗೆ ಆರೋಗ್ಯವಂತರಲ್ಲಿ ಸುಮಾರು 200 ದಿನ ಬೇಕು. ಅತಿಸ್ರಾವದಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. ತೋಡುವ ವೇಗಕ್ಕೆ ತುಂಬುವವರು ಸಾಟಿಯಾಗದೆ, ಪ್ರತಿ ಸುತ್ತಿನಲ್ಲೂ ಹತ್ತನೇ ಒಂದು ಭಾಗದಷ್ಟು ಮೂಳೆ ಖೋತಾ ಆಗುತ್ತದೆ. ಥೈರಾಯ್ಡ್ ಕುಗ್ಗಿದವರಲ್ಲಿ ಇದೇ ಸುತ್ತು 700 ದಿನಗಳವರೆಗೆ ಎಳೆಯುತ್ತದೆ. 1990ರ ದಶಕದ ಸಂಶೋಧನೆಗಳು ಇನ್ನೊಂದು ಎಳೆ ಸೇರಿಸಿದವು. ಥೈರಾಯ್ಡ್ ಹಾರ್ಮೋನಿನ ಕರೆ ತೋಡುವ ಕೋಶಕ್ಕೆ ನೇರವಾಗಿ ಮುಟ್ಟುವುದಿಲ್ಲ, ಕಟ್ಟುವ ಕೋಶದ ಮೂಲಕ ಹೋಗುತ್ತದೆ ಎಂಬುದು ಅದು. 2003ರಲ್ಲಿ ಮೋನೆ ಝೈದಿ ಅವರ ತಂಡ, ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ, ಅತಿಸ್ರಾವದಲ್ಲಿ ಕುಸಿಯುವ ಟಿಎಸ್‌ಎಚ್ ಎಂಬ ಹಾರ್ಮೋನು ಕೂಡ ಮೂಳೆಯ ಮೇಲೆ ತಾನೇ ಕೆಲಸ ಮಾಡುತ್ತದೆ, ಅದರ ಅಭಾವವೇ ಮೂಳೆ ಕರಗಲು ಒಂದು ಕಾರಣ ಎಂದು ಇಲಿಗಳಲ್ಲಿ ತೋರಿಸಿತು. ಲಂಡನ್ನಿನ ಬ್ಯಾಸೆಟ್ ಮತ್ತು ವಿಲಿಯಮ್ಸ್ ತಮ್ಮ ಇಲಿಗಳ ಆಧಾರದ ಮೇಲೆ ಮುಖ್ಯ ಹೊಣೆ ಥೈರಾಯ್ಡ್ ಹಾರ್ಮೋನಿನದ್ದೇ ಎಂದರು. ಈ ವಾದ ಪೂರ್ತಿ ತೀರಿಲ್ಲ, ಆದರೆ ತೂಕ ಈಗಿರುವುದು ಎರಡನೆಯವರ ಕಡೆಗೆ.

ಕತೆಯಲ್ಲಿ ಒಂದು ಅಡ್ಡದಾರಿಯೂ ಇದೆ. ಕ್ಯಾಲ್ಸಿಯಮ್ಮನ್ನು ಇಳಿಸುವ ಹಾರ್ಮೋನೊಂದನ್ನು ಹೆರಾಲ್ಡ್ ಕಾಪ್ 1960ರ ದಶಕದ ಆರಂಭದಲ್ಲಿ ಕಂಡು ಕ್ಯಾಲ್ಸಿಟೋನಿನ್ ಎಂದು ಕರೆದಾಗ, ಅದು ಪ್ಯಾರಾಥೈರಾಯ್ಡಿನಿಂದ ಬರುತ್ತದೆಂದು ಭಾವಿಸಿದ್ದ. ಅದು ಥೈರಾಯ್ಡಿನದ್ದೇ ಎಂದು 1964ರಲ್ಲಿ ತಿಳಿಯಿತು. ಹಳೆಯ ಗೊಂದಲ ಈ ಸಲ ತಲೆಕೆಳಗಾಗಿ ಮರುಕಳಿಸಿತ್ತು. ಕ್ಯಾಲ್ಸಿಟೋನಿನ್ ಸುರಿಸುವ ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರಿನಲ್ಲಿ ರಕ್ತದ ಕ್ಯಾಲ್ಸಿಯಂ ಇಳಿಯಬೇಕಿತ್ತು, ಆದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಅಂಥ ರೋಗಿಯಲ್ಲಿ ಅದು ಏರಿದ್ದರೆ ನೆನಪಿಗೆ ಬರಬೇಕಾದದ್ದು ಮೆನ್ 2ಎ ಎಂಬ ವಂಶವಾಹಿ ರೋಗ. ಥೈರಾಯ್ಡ್ ಕ್ಯಾನ್ಸರಿನ ಜೊತೆಗೆ ಅಡ್ರಿನಲ್ ಗಡ್ಡೆ, ಕೆಲವರಲ್ಲಿ ಪ್ಯಾರಾಥೈರಾಯ್ಡ್ ಬೆಳವಣಿಗೆ, ಮೂರೂ ಒಂದೇ ಕುಟುಂಬದಲ್ಲಿ ಹರಿಯುತ್ತವೆ. 1993ರಲ್ಲಿ ಇದಕ್ಕೆ ರೆಟ್ ಜೀನಿನ ದೋಷ ಕಾರಣವೆಂದು ಗೊತ್ತಾದ ಮೇಲೆ ರೋಗಿಯ ಮಕ್ಕಳನ್ನೂ ಮೊದಲೇ ಪರೀಕ್ಷಿಸುವ ಪದ್ಧತಿ ಬಂತು.

ಥೈರಾಯ್ಡ್ ಮಂದವಾದಾಗ ಕ್ಯಾಲ್ಸಿಯಂ ಏರುವುದು ವಿರಳ. ಆದರೆ ಮೂಳೆಯ ಓಡಾಟವೇ ನಿಂತಂತಿರುವುದರಿಂದ ಹೆಚ್ಚಾಗಿ ಬಂದ ಕ್ಯಾಲ್ಸಿಯಮ್ಮನ್ನು ಮೂಳೆಯೊಳಗೆ ಸೇರಿಸಿಕೊಳ್ಳುವ ಶಕ್ತಿ ಅಂಥ ರೋಗಿಗಳಿಗೆ ಕಡಿಮೆ. ಹಾಗಾಗಿ ವಿಟಮಿನ್ ಡಿ ಅತಿಯಾದರೆ ತೊಂದರೆ ಬೇಗ ಕಾಣುತ್ತದೆ. ನಮ್ಮಲ್ಲಿ 60,000 ಯೂನಿಟ್ಟಿನ ವಿಟಮಿನ್ ಡಿ ಪುಡಿ ಔಷಧದಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ವಾರಕ್ಕೊಂದು ಎಂದದ್ದನ್ನು ದಿನಕ್ಕೊಂದು ಎಂದು ಕೇಳಿಸಿಕೊಂಡವರೂ ಇದ್ದಾರೆ. ಇಂಥವರು ಕ್ಯಾಲ್ಸಿಯಂ ಮಾತ್ರೆಯನ್ನು ತಮ್ಮ ಥೈರಾಯ್ಡ್ ಹಾರ್ಮೋನಿನ ಮಾತ್ರೆಯಾದ ಥೈರಾಕ್ಸಿನ್ ಜೊತೆಗೇ ನುಂಗಿದರೆ ಥೈರಾಕ್ಸಿನ್ ಸರಿಯಾಗಿ ಹೀರಿಕೆಯಾಗುವುದಿಲ್ಲ. ಎರಡರ ನಡುವೆ ನಾಲ್ಕು ಗಂಟೆ ಅಂತರ ಬೇಕು.

ಥೈರಾಯ್ಡ್ ರೋಗ, ಕ್ಯಾಲ್ಸಿಯಂ ಏರಿಕೆ ಎರಡನ್ನೂ ಒಟ್ಟಿಗೆ ತರುವ ಮೂರನೆಯ ಕಾರಣಗಳನ್ನೂ ಮರೆಯುವಂತಿಲ್ಲ. ಮನೋರೋಗಕ್ಕೆ ಕೊಡುವ ಲಿಥಿಯಂ ಒಂದು ಕಡೆ ಥೈರಾಯ್ಡನ್ನು ಕುಗ್ಗಿಸಿ, ಇನ್ನೊಂದು ಕಡೆ ಪ್ಯಾರಾಥೈರಾಯ್ಡನ್ನು ಕೆರಳಿಸುತ್ತದೆ. ಬಾಲ್ಯದಲ್ಲಿ ಕತ್ತಿಗೆ ಬಿದ್ದ ವಿಕಿರಣ ಎರಡೂ ಗ್ರಂಥಿಗಳಲ್ಲಿ ಗಡ್ಡೆ ಬೆಳೆಸಬಹುದು. ದೇಹದ ರಕ್ಷಣಾವ್ಯವಸ್ಥೆಯೇ ಥೈರಾಯ್ಡಿನ ಜೊತೆಗೆ ಅಡ್ರಿನಲ್ ಗ್ರಂಥಿಯನ್ನೂ ಕೆಡಿಸಿದಾಗ ಕ್ಯಾಲ್ಸಿಯಂ ಏರುವುದುಂಟು. ಅಂಥವರಿಗೆ ಮೊದಲು ಸ್ಟೆರಾಯ್ಡ್, ಆಮೇಲೆ ಥೈರಾಕ್ಸಿನ್ ಕೊಡಬೇಕು. ಕ್ರಮ ತಪ್ಪಿದರೆ ಪ್ರಾಣಕ್ಕೇ ಅಪಾಯ. ಈಚಿನ ಮತ್ತೊಂದು ಬಲೆ ಕೂದಲಿಗೆಂದು ನುಂಗುವ ಬಯೋಟಿನ್. ಹೆಚ್ಚು ಪ್ರಮಾಣದಲ್ಲಿದ್ದರೆ ಅದು ಕೆಲವು ಯಂತ್ರಗಳನ್ನು ಮೋಸಗೊಳಿಸಿ ಥೈರಾಯ್ಡ್ ಅತಿಯಾಗಿದೆ, ಪಿಟಿಎಚ್ ಕಡಿಮೆಯಿದೆ ಎಂದು ಏಕಕಾಲಕ್ಕೆ ಸುಳ್ಳು ಹೇಳಿಸುತ್ತದೆ. ಇಲ್ಲದ ರೋಗವನ್ನು ಇದಕ್ಕಿಂತ ಅಚ್ಚುಕಟ್ಟಾಗಿ ನಟಿಸುವುದು ಕಷ್ಟ.

ಲಕ್ಷಣಗಳಲ್ಲೂ ಸುಳಿವು ಸಿಗುತ್ತದೆ. ಥೈರಾಯ್ಡ್ ಅತಿಯಾದವರಿಗೆ ಪದೇಪದೇ ಮಲವಿಸರ್ಜನೆಯಾಗುವುದು ವಾಡಿಕೆ. ಅವರಲ್ಲಿ ಬದಲಿಗೆ ಮಲಬದ್ಧತೆ, ಓಕರಿಕೆ, ತೀರದ ಬಾಯಾರಿಕೆ ಕಂಡರೆ ಕ್ಯಾಲ್ಸಿಯಂ ನೋಡಬೇಕು. ಚಿಕಿತ್ಸೆಯ ಹೆಚ್ಚಿನ ಭಾಗ ಥೈರಾಯ್ಡಿನದ್ದೇ. ಕಾರ್ಬಿಮಝೋಲ್ ಅಥವಾ ಮೆಥಿಮಝೋಲ್ ಮಾತ್ರೆಯಿಂದ ಹಾರ್ಮೋನು ಹತೋಟಿಗೆ ಬಂದ ಮೇಲೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಕ್ಯಾಲ್ಸಿಯಮ್ಮೂ ಇಳಿಯುತ್ತದೆ. ತೀವ್ರವಾಗಿದ್ದರೆ ಸಲೈನ್ ಮತ್ತು ಬಿಸ್ಫಾಸ್ಫೊನೇಟ್ ಬೇಕಾಗಬಹುದು. ಥೈರಾಯ್ಡ್ ಸರಿಹೋದ ಮೇಲೂ ಕ್ಯಾಲ್ಸಿಯಂ ಇಳಿಯದಿದ್ದರೆ ಪಕ್ಕದ ಪ್ಯಾರಾಥೈರಾಯ್ಡನ್ನು ಪರೀಕ್ಷಿಸದೆ ಬಿಡಬಾರದು. ಆ ಹೊತ್ತಿನಲ್ಲಿ ವೈದ್ಯರಿಗೆ ತುಂಬ ನೆರವಾಗುವುದು ಥೈರಾಯ್ಡ್ ರೋಗ ಬರುವ ಮೊದಲು, ವರ್ಷಗಳ ಹಿಂದೆ, ಬೇರೆ ಯಾವುದೋ ಕಾರಣಕ್ಕೆ ಮಾಡಿಸಿದ ರಕ್ತಪರೀಕ್ಷೆಯ ಚೀಟಿ. ಆಗಲೇ ಕ್ಯಾಲ್ಸಿಯಂ ಹೆಚ್ಚಿದ್ದರೆ ತಪ್ಪು ಥೈರಾಯ್ಡಿನದ್ದಲ್ಲ. ಹಳೆಯ ವರದಿಗಳನ್ನು ಎಸೆಯದೆ ಇಟ್ಟುಕೊಳ್ಳುವುದು ಒಳ್ಳೆಯದು.