ಜರೀಗಿಡದಿಂದ ಚಂದ್ರಿಕೆಯವರೆಗೆ

ಮಳೆಗಾಲ ಕಳೆಯುವ ಹೊತ್ತಿಗೆ ಬೆಂಗಳೂರಿನ ಹೊರಮಾವಿನಂಥ ಬಡಾವಣೆಯಲ್ಲಿ ಹಳೆಯ ಕಾಂಪೌಂಡಿನ ಬಿರುಕು, ಮೋರಿಯ ಕಲ್ಲುಸಂದು, ಸೋರುವ ಪೈಪಿನ ಬುಡ ನೋಡಿದರೆ ಉದ್ದ ಗರಿಗಳ ಜರೀಗಿಡವೊಂದು ಕಣ್ಣಿಗೆ ಬೀಳುತ್ತದೆ. ಸುಣ್ಣದ ಗಾರೆಯೆಂದರೆ ಅದಕ್ಕೆ ಪ್ರೀತಿ. ಗೋಡೆಗೆ ಬಣ್ಣ ಹೊಡೆಸುವವರು ಮೊದಲು ಕಿತ್ತೆಸೆಯುವುದೂ ಅದನ್ನೇ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಟೆರಿಸ್ ವಿಟಾಟಾ. ಅಮೆರಿಕದ ಫ್ಲಾರಿಡಾದಲ್ಲಿ, ಮರಮುಟ್ಟು ಕೆಡದಂತೆ ಆರ್ಸೆನಿಕ್ ಸೇರಿದ ರಾಸಾಯನಿಕ ಬಳಸಿ ಮಣ್ಣೆಲ್ಲ ವಿಷವಾಗಿದ್ದ ಜಾಗದಲ್ಲಿ ಇದೇ ಗಿಡ ಹುಲುಸಾಗಿ ಬೆಳೆದಿತ್ತು. ಅದು ಆರ್ಸೆನಿಕ್ಕನ್ನು ಹೀರಿ ಗರಿಗಳಲ್ಲಿ ಕೂಡಿಡುತ್ತದೆಂದು ಲೆನಾ ಮಾ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದರು. ಒಣಗಿದ ಗರಿಯ ತೂಕದ ಶೇ. 2ಕ್ಕೂ ಹೆಚ್ಚು ಆರ್ಸೆನಿಕ್ ಇದ್ದರೂ ಗಿಡ ಬಾಡುವುದಿಲ್ಲ.

ಹೂವಿಲ್ಲ, ಕಾಯಿಲ್ಲ, ಬೀಜವೂ ಇಲ್ಲದ ಜರೀಗಿಡಗಳು ಕೋಟ್ಯಂತರ ವರ್ಷ ಬಾಳಿಕೊಂಡು ಬಂದದ್ದರಲ್ಲಿ ಅವುಗಳ ರಸಾಯನಕ್ಕೆ ದೊಡ್ಡ ಪಾಲಿದೆ. ಅದನ್ನು ಬಿಡಿಸಿ ನೋಡುವ ಕೆಲಸ ಮಾತ್ರ ಗಿಡದ ಗುರುತಿನಿಂದಲೇ ಶುರುವಾಗಬೇಕು. ದಕ್ಷಿಣ ಭಾರತದಲ್ಲಿ ಅದಕ್ಕೆ ಅಡಿಪಾಯ ಹಾಕಿದವರು ಮದ್ರಾಸ್ ಸೇನೆಯಿಂದ ಅರಣ್ಯ ಇಲಾಖೆಗೆ ಬಂದ ರಿಚರ್ಡ್ ಹೆನ್ರಿ ಬೆಡ್ಡೋಮ್. ಅವರ ಸಚಿತ್ರ ಗ್ರಂಥ 1863ರಿಂದ ಹೊರಬರತೊಡಗಿತು. ಕೈಪಿಡಿ ಬಂದದ್ದು 1883ರಲ್ಲಿ. ಕರ್ನಾಟಕದ ಜರೀಗಿಡಗಳ ಪಟ್ಟಿಯನ್ನು ರಾಜಗೋಪಾಲ್ ಮತ್ತು ಉಡುಪಿಯ ಕೆ. ಗೋಪಾಲಕೃಷ್ಣ ಭಟ್ಟರು 1998ರಲ್ಲಿ ಪ್ರಕಟಿಸಿದರು. ಗಿಡದ ಗುರುತು ಬರೀ ಹೆಸರಿನ ಮಾತಲ್ಲ. ಒಣಬಂಡೆಯ ಸಂದಿನಲ್ಲಿ ನವಿಲುಜುಟ್ಟಿನಂತೆ ಬಿಚ್ಚಿಕೊಳ್ಳುವ ಪುಟ್ಟ ಜರೀಗಿಡವನ್ನು ಆಯುರ್ವೇದದಲ್ಲಿ ಮಯೂರಶಿಖಾ ಎನ್ನುತ್ತಾರೆ. ಕೆಲವೆಡೆ ಕೋಳಿಜುಟ್ಟಿನ ಹೂಗಿಡಕ್ಕೂ ಅದೇ ಹೆಸರು. ಗ್ರಂದಿಗೆ ಅಂಗಡಿಯಿಂದ ಪುಡಿ ತಂದು ಪರೀಕ್ಷೆಗಿಳಿದರೆ ಯಾವ ಗಿಡದ ರಸಾಯನ ಹೊರಬಂತೆಂದು ಹೇಳುವವರು ಯಾರು?

ಯುರೋಪಿನಲ್ಲಿ ಜರೀಗಿಡದ ರಸಾಯನದ ಹುಡುಕಾಟಕ್ಕೆ ದಾರಿ ಮಾಡಿದ್ದು ಹೊಟ್ಟೆಯ ಲಾಡಿಹುಳು. ನೂಫರ್ ಎಂಬ ವಿಧವೆಯ ಗುಟ್ಟಿನ ಮದ್ದನ್ನು 1775ರಲ್ಲಿ ಫ್ರಾನ್ಸಿನ ಅರಸ ಹಣ ಕೊಟ್ಟು ಕೊಂಡು ಬಹಿರಂಗಪಡಿಸಿದ. ಅದು ಅಲ್ಲಿನ ಒಂದು ಜರೀಗಿಡದ ಬೇರುಕಾಂಡದ ಪುಡಿ. ಅದರಲ್ಲಿದ್ದ ಫ್ಲೋರೋಗ್ಲೂಸಿನಾಲ್ ವರ್ಗದ ವಸ್ತುಗಳನ್ನು ಮುಂದಿನ ಶತಮಾನದ ರಸಾಯನತಜ್ಞರು ಬೇರ್ಪಡಿಸಿದರು. ಪ್ರಮಾಣ ತಪ್ಪಿದರೆ ಕಣ್ಣೇ ಹೋಗುತ್ತಿದ್ದುದರಿಂದ ಮದ್ದು ಮೂಲೆ ಸೇರಿತು.

ರಸಾಯನತಜ್ಞರನ್ನು ಎಲ್ಲಕ್ಕಿಂತ ಹೆಚ್ಚು ಸತಾಯಿಸಿದ ಜರೀಗಿಡ ಬ್ರ್ಯಾಕನ್. ಪಶ್ಚಿಮಘಟ್ಟದ ಎತ್ತರದ ಹುಲ್ಲುಗಾವಲುಗಳಲ್ಲೂ ಇದು ಹಬ್ಬಿದೆ. ಇದನ್ನು ಮೇಯ್ದ ದನಗಳ ಮೂತ್ರದಲ್ಲಿ ರಕ್ತ ಹೋಗುವ ರೋಗ ನೀಲಗಿರಿಯಲ್ಲೂ ಹಿಮಾಲಯದ ತಪ್ಪಲಲ್ಲೂ ದಾಖಲಾಗಿದೆ. ಗಿಡ ಕ್ಯಾನ್ಸರ್ ತರಬಲ್ಲದೆಂದು 1965ರಲ್ಲೇ ಇಲಿಗಳ ಮೇಲಿನ ಪ್ರಯೋಗ ಹೇಳಿತ್ತು. ತರುವ ಅಣು ಮಾತ್ರ ಸಿಗಲಿಲ್ಲ. ಆಮ್ಲ, ಕ್ಷಾರ, ಬಿಸಿ ಯಾವುದು ತಾಗಿದರೂ ಅದು ಒಡೆದು ನಿರುಪದ್ರವಿ ಟೆರೋಸಿನ್ ಆಗಿಬಿಡುತ್ತಿತ್ತು. ವಿಷವನ್ನು ಹುಡುಕುವ ವಿಧಾನವೇ ವಿಷವನ್ನು ಅಳಿಸಿಹಾಕುತ್ತಿತ್ತು! 1983ರಲ್ಲಿ ಜಪಾನಿನ ಹಾಗೂ ನೆದರ್ಲೆಂಡ್ಸಿನ ತಂಡಗಳು ಬೇರೆಬೇರೆಯಾಗಿ ಅದನ್ನು ಹಿಡಿದವು, ಹೆಸರು ಟಾಕ್ವಿಲೋಸೈಡ್. ಗಿಡದಿಂದ ಸಾರ ತೆಗೆಯುವುದೆಂದರೆ ಕುದಿಸಿ ಬಸಿಯುವ ಕೆಲಸ ಮಾತ್ರವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು.

ಕುದಿಸುವುದೇ ಬೇಡದ ಗಿಡಗಳೂ ಇವೆ. ಗರಿಯ ಅಡಿಭಾಗ ಬೆಳ್ಳಗಿರುವ ಜರೀಗಿಡವನ್ನು ಅಂಗೈ ಮೇಲೆ ಒತ್ತಿ ಬಿಳಿ ಅಚ್ಚು ಮೂಡಿಸಿಕೊಳ್ಳುವುದು ಮಲೆನಾಡಿನ ಮಕ್ಕಳ ಆಟ. ಆ ಬಿಳಿ ಹುಡಿ ಗಿಡವೇ ಹೊರಹಾಕಿದ ಫ್ಲಾವನಾಯ್ಡ್ ಬಳಗದ ವಸ್ತು. ಜರ್ಮನಿಯ ಎಕ್‌ಹಾರ್ಡ್ ವೊಲೆನ್‌ವೇಬರ್ ಇಂಥ ಗರಿಗಳನ್ನು ಅಸಿಟೋನಿನಲ್ಲಿ ಒಮ್ಮೆ ಜಾಲಿಸಿ, ಗಿಡವನ್ನು ಅರೆಯದೆಯೇ ಹತ್ತಾರು ವಸ್ತುಗಳನ್ನು ಗುರುತಿಸಿದರು.

ಕನ್ನಡ ನಾಡಿಗೆ ತೀರ ಹತ್ತಿರವಾದ ಕಥೆ ರೇಷ್ಮೆಯದು. ಹುಳು ನಾಲ್ಕು ಜ್ವರ ದಾಟಿ, ಒಂದೊಂದರಲ್ಲೂ ಪೊರೆ ಬಿಟ್ಟು, ಕೊನೆಗೆ ಹಣ್ಣಾಗಿ ಗೂಡು ಕಟ್ಟುತ್ತದೆಂದು ಶಿಡ್ಲಘಟ್ಟದ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ. ಪೊರೆ ಬಿಡಿಸುವ ಹಾರ್ಮೋನಿಗಾಗಿ ಜರ್ಮನಿಯ ಬ್ಯೂಟೆನಾಂಟ್ ಮತ್ತು ಕಾರ್ಲ್ಸನ್ 500 ಕಿಲೋ ರೇಷ್ಮೆಕೋಶ ಅರೆದರು. 1954ರಲ್ಲಿ ಕೈಗೆ ಬಂದದ್ದು 25 ಮಿಲಿಗ್ರಾಂ ಎಕ್ಡೈಸೋನ್. ಹದಿಮೂರು ವರ್ಷದ ಮೇಲೆ, 1967ರಲ್ಲಿ, ಪ್ರಾಗ್‌ನ ವಿಜ್ಞಾನಿಗಳು ಪಾಲಿಪೋಡಿಯಂ ಎಂಬ ಜರೀಗಿಡದ ಬೇರುಕಾಂಡದಲ್ಲಿ ಇದೇ ಕುಲದ ಹಾರ್ಮೋನನ್ನು ಕಂಡರು. ಒಣ ತೂಕದ ಶೇ. 1ರ ಆಸುಪಾಸು! ಅಂದರೆ ಎರಡೂವರೆ ಗ್ರಾಂ ಬೇರುಕಾಂಡ, 500 ಕಿಲೋ ಹುಳುಕೋಶಕ್ಕೆ ಸಮ. ಅದೇ ವರ್ಷ ಅಮೆರಿಕದವರಿಗೆ ಬ್ರ್ಯಾಕನ್ನಿನಲ್ಲೂ ಅದು ಸಿಕ್ಕಿತು. ಕೀಟದ ಹಾರ್ಮೋನು ಗಿಡದಲ್ಲೇಕೆ? ತನ್ನನ್ನು ತಿನ್ನಬಂದ ಹುಳು ಹೊತ್ತಲ್ಲದ ಹೊತ್ತಿನಲ್ಲಿ ಪೊರೆ ಬಿಟ್ಟು ಸಾಯಲೆಂಬ ಹಂಚಿಕೆ ಎಂದು ಬಹುಪಾಲು ತಜ್ಞರ ಎಣಿಕೆ.

ಆ ಆಯುಧ ರೈತನಿಗೆ ಉಪಕರಣವಾಯಿತು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯು ಎಕ್ಡಿಸ್ಟಿರಾಯ್ಡ್ ಎನ್ನುವ ಇದೇ ಕುಲದ ಸಸ್ಯಮೂಲದ ಹಾರ್ಮೋನಿನಿಂದ ‘ಸಂಪೂರ್ಣ’ ಎಂಬ ಉತ್ಪನ್ನ ರೂಪಿಸಿತು. ಕೆಲವು ಹುಳು ಹಣ್ಣಾಗತೊಡಗಿದಾಗ ಸೊಪ್ಪಿನ ಮೇಲೆ ಸಿಂಪಡಿಸಿದರೆ ಉಳಿದವೂ ಹೆಚ್ಚುಕಡಿಮೆ ಒಟ್ಟಿಗೆ ಹಣ್ಣಾಗುತ್ತವೆ. ಹಗಲಿರುಳು ಹುಳು ಆರಿಸಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡುವ ದುಡಿಮೆ ಅಷ್ಟು ಹಗುರ.

ಈಚಿನ ತಿರುವು ಸಣ್ಣ ಅಣುವಿನಿಂದ ಪ್ರೋಟೀನಿನ ಕಡೆಗೆ. ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯವರು ಟೆಕ್ಟೇರಿಯಾ ಜಾತಿಯ ಜರೀಗಿಡದಲ್ಲಿ ಬಿಳಿನೊಣವನ್ನು ಕೊಲ್ಲುವ ಪ್ರೋಟೀನು ಪತ್ತೆಹಚ್ಚಿ, ಅದರ ಜೀನನ್ನು ಹತ್ತಿಗಿಡಕ್ಕೆ ಸೇರಿಸಿ, ಫಲಿತಾಂಶವನ್ನು 2016ರಲ್ಲಿ ಪ್ರಕಟಿಸಿದರು.

ನಮ್ಮ ಕಾಲೇಜುಗಳ ಪ್ರಯೋಗಾಲಯದಲ್ಲಿ ದಾರಿ ಹೆಚ್ಚಾಗಿ ಒಂದೇ: ನೆರಳಲ್ಲಿ ಒಣಗಿಸು, ಪುಡಿ ಮಾಡು, ಸಾಕ್ಸ್‌ಲೆಟ್ ಉಪಕರಣದಲ್ಲಿ ಮೊದಲು ಹೆಕ್ಸೇನ್, ಆಮೇಲೆ ಮೆಥನಾಲ್ ಹಾಯಿಸಿ ಸಾರ ತೆಗೆ, ಕಚ್ಚಾ ಸಾರವನ್ನು ಬ್ಯಾಕ್ಟೀರಿಯಾದ ತಟ್ಟೆಗೆ ಹಾಕು. ಬಹಳ ಪ್ರಬಂಧಗಳು ಅಲ್ಲಿಗೇ ನಿಲ್ಲುತ್ತವೆ. ಸಾರವನ್ನು ವಿಶ್ಲೇಷಿಸುವ ಯಂತ್ರ ಮುದ್ರಿಸಿಕೊಟ್ಟ ವಸ್ತುಗಳ ಹೆಸರಿನ ಪಟ್ಟಿ ಬರೀ ಊಹೆ. ಕ್ರೊಮಟೋಗ್ರಫಿ ಸ್ತಂಭದಲ್ಲಿ ಹಾಯಿಸಿ ಒಂದೇ ವಸ್ತುವನ್ನು ಬೇರ್ಪಡಿಸಿ, ಎನ್‌ಎಂಆರ್ ಯಂತ್ರದಲ್ಲಿ ಅದರ ಅಣುರಚನೆ ಓದಿದ ಮೇಲಷ್ಟೇ ಗುರುತು ಖಚಿತ. ತಾಳ್ಮೆ ಬೇಕಾದದ್ದು, ಹಣ ಸಲ್ಲಬೇಕಾದದ್ದು ಅಲ್ಲಿಗೆ.

ಈ ಸಂಶೋಧನೆಗೆ ಗಿಡ ತರುವಾಗಲೂ ಎಚ್ಚರ ಬೇಕು: ಬೇರುಕಾಂಡ ಅಗೆದರೆ ಗಿಡವೇ ಹೋಯಿತು. ಮರದಷ್ಟೆತ್ತರದ ಸಯಾಥಿಯಾ ಜರಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ನಿರ್ಬಂಧವಿದೆ. ಹೊಳೆದಂಡೆಯ ಸಣ್ಣ ಜರಿಗಳಿಗೆ ಅಂಥ ಕಾವಲಿಲ್ಲ. ಕೊಡಗಿನಲ್ಲಿ ಮಳೆಗಾಲದ ಪಲ್ಯಕ್ಕೆ ತೆರ್ಮೆ ಎಂಬ ಜರೀಗಿಡ ಕೊಯ್ಯುವವರು ಸುರುಳಿ ಬಿಚ್ಚದ ಎಳೆಕುಡಿಯನ್ನಷ್ಟೇ ಮುರಿದು, ಬುಡ ಮುಟ್ಟದೆ ಬರುತ್ತಾರೆ.