ಫತೇ ಮೈದಾನದ ಆ ಶನಿವಾರ

ಟೆನಿಸ್ ಲೆಕ್ಕ ನನಗೆ ಇವತ್ತಿಗೂ ಪೂರ್ತಿ ತಿಳಿಯದು. ಒಂದು, ಎರಡು ಎನ್ನುವುದು ಬಿಟ್ಟು ಹದಿನೈದು, ಮೂವತ್ತು, ನಲವತ್ತು ಎಂದು ಯಾಕೆ ಎಣಿಸುತ್ತಾರೋ! ಆದರೆ 2005ರ ಫೆಬ್ರುವರಿ 12, ಶನಿವಾರದ ಲೆಕ್ಕ ಮಾತ್ರ ಬಾಯಿಪಾಠ: 6-4, 5-7, 6-3. ಅಂದು ನಮ್ಮ ಹೈದರಾಬಾದಿನ ಲಾಲ್ ಬಹಾದೂರ್ ಟೆನಿಸ್ ಕ್ರೀಡಾಂಗಣದಲ್ಲಿ, ಹಳಬರ ಬಾಯಲ್ಲಿ ಫತೇ ಮೈದಾನದಲ್ಲಿ, ಹದಿನೆಂಟರ ಸಾನಿಯಾ ಮಿರ್ಜಾ ಉಕ್ರೇನಿನ ಅಲೋನಾ ಬೊಂಡರೆಂಕೊ ಅವರನ್ನು ಸೋಲಿಸಿ ಹೈದರಾಬಾದ್ ಓಪನ್ ಗೆದ್ದಳು. ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿಯೊಂದು ಭಾರತದ ಹೆಣ್ಣುಮಗಳ ಕೈಗೆ ಬಂದದ್ದು ಅದೇ ಮೊದಲು. ನಾನು ಟಿ.ವಿ. ಮುಂದಿದ್ದೆ. ಒಲೆ ಮೇಲಿನ ಸಾರು ಬತ್ತಿದ್ದೂ ತಿಳಿಯಲಿಲ್ಲ.

ಅದು ಬಯಲಿನ ಹಾರ್ಡ್ ಕೋರ್ಟ್. ಗಟ್ಟಿ ತಳದ ಮೇಲೆ ಅಕ್ರಿಲಿಕ್ ಬಣ್ಣದ ಪದರಗಳು. ಚೆಂಡು ಮಣ್ಣಿನ ಅಂಕಣಕ್ಕಿಂತ ಬೇಗ ಪುಟಿಯುತ್ತದೆ, ಪುಟಿಯುವ ಎತ್ತರವನ್ನೂ ನಂಬಬಹುದು. ಸಾನಿಯಾಳ ಫೋರ್‌ಹ್ಯಾಂಡ್ ಹೊಡೆತಕ್ಕೆ ಒಪ್ಪುವ ನೆಲ. ಆದರೆ ಆರು ವರ್ಷದವಳಿದ್ದಾಗ ಅವಳು ಕಲಿತದ್ದು ಸಗಣಿ ಸಾರಿಸಿದ ಅಂಕಣದಲ್ಲಿ. ಇದನ್ನು ಅವಳೇ ಹೇಳಿದ್ದಾಳೆ. ಓದಿದಾಗ ನನಗೆ ಊರಿನ ಅಜ್ಜಿಮನೆಯ ಅಂಗಳ ಕಣ್ಣಿಗೆ ಕಟ್ಟಿತು. ಬಿಸಿಲಿಗೆ ಕಪ್ಪಾದರೆ ಮದುವೆಯಾಗುವವರು ಯಾರು ಎಂದು ಅವಳ ಅಪ್ಪ ಅಮ್ಮನನ್ನು ಕೇಳಿದವರೂ ಇದ್ದರಂತೆ. ಯಾವ ಊರಾದರೇನು, ಅತ್ತೆ ಚಿಕ್ಕಮ್ಮಂದಿರ ಚಿಂತೆ ಒಂದೇ!

ಈ ಪಂದ್ಯಾವಳಿ ಶುರುವಾದದ್ದು 2003ರಲ್ಲಿ. ಆಯೋಜಕರು ರ‍್ಯಾಂಕಿಂಗ್ ಸಾಲದ ಊರಿನ ಆಟಗಾರ್ತಿಗೂ ನೇರ ಪ್ರವೇಶ ಕೊಡಬಹುದು. ಅದಕ್ಕೆ ವೈಲ್ಡ್ ಕಾರ್ಡ್ ಎನ್ನುತ್ತಾರೆ. ಹದಿನಾರರ ಸಾನಿಯಾಗೆ ಅದು ಸಿಕ್ಕಿತು. ಮೊದಲ ಸುತ್ತಿನಲ್ಲೇ ಸೋತಳು. ಮರುವರ್ಷ ಸಿಂಗಲ್ಸ್‌ನಲ್ಲಿ ಮತ್ತೆ ಮೊದಲ ಸುತ್ತಿನ ಸೋಲು. ಸೋಲಿಸಿದ ಆಸ್ಟ್ರೇಲಿಯಾದ ನಿಕೋಲ್ ಪ್ರ್ಯಾಟ್ ಅವರೇ ಕೊನೆಗೆ ಪ್ರಶಸ್ತಿ ಗೆದ್ದರು. ಆದರೆ ಆ ವರ್ಷ ಲೀಜೆಲ್ ಹ್ಯೂಬರ್ ಜೊತೆ ಡಬಲ್ಸ್ ಗೆದ್ದಳು. ಮೂರನೆಯ ವರ್ಷ ಆ ಶನಿವಾರ. ಎರಡು ಸಲ ಸೋಲಲೂ ಮನೆಯ ಹತ್ತಿರವೇ ಜಾಗವಿತ್ತಲ್ಲ, ನನಗೆ ಮುಖ್ಯ ಎನಿಸುವುದು ಅದೇ. ಇಲ್ಲದಿದ್ದರೆ ಇಂಥ ಸೋಲಿಗೂ ವಿಮಾನ ಹತ್ತಿ ಪರದೇಶಕ್ಕೆ ಹೋಗಬೇಕು. ಮಗಳ ಆಟಕ್ಕೆ ಅಷ್ಟು ಖರ್ಚು ಎಷ್ಟು ಮನೆಗಳು ತಡೆದಾವು?

2006ರಲ್ಲಿ ಪಂದ್ಯಾವಳಿ ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೋಯಿತು. ತವರಿಗೆ ಹೋಯಿತೆಂದು ಹಿಗ್ಗಲೋ, ಇದ್ದೂರಿಗೆ ತಪ್ಪಿತೆಂದು ಕುಗ್ಗಲೋ! 2008ರಲ್ಲಿ ಅಲ್ಲಿಗೆ ಸೆರೆನಾ, ವೀನಸ್ ಇಬ್ಬರೂ ಬಂದರು. ಸೆಮಿಫೈನಲ್‌ನಲ್ಲಿ ತಂಗಿ ಅಕ್ಕನನ್ನು ಮಣಿಸಿ, ಫೈನಲ್ ಕೂಡ ಗೆದ್ದಳು. ಸಾನಿಯಾ ಮಾತ್ರ ಬರಲಿಲ್ಲ. ಅವಳ ಸ್ಕರ್ಟಿನ ಉದ್ದದಿಂದ ಹಿಡಿದು ಎಲ್ಲದಕ್ಕೂ ಗಲಾಟೆ ಎದ್ದಿತ್ತು. ಭಾರತದಲ್ಲಿ ಆಡಿದಾಗಲೆಲ್ಲ ಏನಾದರೊಂದು ತಕರಾರು, ಈ ಸಲ ಆಡುವುದಿಲ್ಲ ಎಂದುಬಿಟ್ಟಳು. ಯಾವ ಪಂದ್ಯಾವಳಿ ಅವಳನ್ನು ಎತ್ತಿ ನಿಲ್ಲಿಸಿತೋ ಅದರಿಂದಲೇ ಅವಳು ದೂರ ಉಳಿಯಬೇಕಾದದ್ದು ನನಗೆ ಇಂದಿಗೂ ನುಂಗಲಾರದ ತುತ್ತು.

ಆಮೇಲೆ ಪುಣೆ, ಮುಂಬಯಿಗಳಲ್ಲಿ 125ರ ದರ್ಜೆಯ ಸಣ್ಣ ಪಂದ್ಯಾವಳಿಗಳು ನಡೆದವು. ಅದಕ್ಕಿಂತ ಮೇಲಿನದು ಮತ್ತೆ ಬರಲು 2022ರ ಚೆನ್ನೈವರೆಗೆ 14 ವರ್ಷ ಬೇಕಾಯಿತು. ಅಲ್ಲಿ ಗೆದ್ದ ಜೆಕ್ ಹುಡುಗಿ ಲಿಂಡಾ ಫ್ರುಹ್ವಿರ್ತೊವಾಗೆ ಆಗ ಹದಿನೇಳು ವರ್ಷ.

2023ರ ಮಾರ್ಚ್ 5ರಂದು ಸಾನಿಯಾ ಬೀಳ್ಕೊಡುಗೆಯ ಪಂದ್ಯ ಆಡಿದ್ದು ಅದೇ ಫತೇ ಮೈದಾನದಲ್ಲಿ, ನಮ್ಮ ಕೊಡಗಿನ ರೋಹನ್ ಬೋಪಣ್ಣ ಜೊತೆಗೂಡಿ. ಈ ಸಲ ನಾನು ಟಿ.ವಿ. ನೆಚ್ಚಿಕೊಳ್ಳದೆ ಹೋಗಿ ಕೂತೆ. ನನ್ನ ಮುಂದಿನ ಸಾಲಿನಲ್ಲಿ ಏಳೆಂಟು ಹುಡುಗಿಯರು, ಹೆಗಲಲ್ಲಿ ರಾಕೆಟ್ ಚೀಲ, ಬಿಸಿಲಿಗೆ ಕಂದಿದ ಮುಖ. ನಾನು ಮತ್ತೆ ಮತ್ತೆ ಸ್ಕೋರ್ ಕೇಳುತ್ತಿದ್ದೆ, ಅವರು ಬೇಸರಿಸದೆ ಹೇಳುತ್ತಿದ್ದರು.