ಭಾರ ಎತ್ತುವ ಮುನ್ನ ಬೆನ್ನಿನ ಬಗ್ಗೆ ಇಷ್ಟು ತಿಳಿದಿರಲಿ

ಸೈಟಿನಲ್ಲಿ ಸಿಮೆಂಟ್ ಚೀಲ, ಗೋಡೌನಿನಲ್ಲಿ ಕಾರ್ಟನ್, ಗ್ರೋಸರಿಯಲ್ಲಿ ನೀರಿನ ಕ್ಯಾನ್. ಗಲ್ಫ್‌ನಲ್ಲಿ ದುಡಿಯುವ ನಮ್ಮವರಲ್ಲಿ ಅನೇಕರಿಗೆ ಭಾರ ಎತ್ತುವುದು ದಿನನಿತ್ಯದ ಕೆಲಸ. ಆಗ ಮೈಯೊಳಗೆ ಏನಾಗುತ್ತೆ ಅಂತ ಗೊತ್ತಿದ್ದರೆ ಬೆನ್ನನ್ನು ಉಳಿಸಿಕೊಳ್ಳಬಹುದು.

ವಯಸ್ಕರ ದೇಹದಲ್ಲಿ ಸಾಮಾನ್ಯವಾಗಿ 206 ಮೂಳೆಗಳಿವೆ. ಮೂಳೆ ತಾನಾಗಿ ಅಲುಗಾಡದು, ಅದನ್ನು ಎಳೆಯುವುದು ಸ್ನಾಯು. ಸ್ನಾಯುವಿಗೆ ಎಳೆಯಲು ಮಾತ್ರ ಗೊತ್ತು, ತಳ್ಳಲು ಬಾರದು. ಅದಕ್ಕೇ ಅವು ಜೋಡಿಯಾಗಿ ಕೆಲಸ ಮಾಡುತ್ತವೆ: ತೋಳಿನ ಮುಂದಿನ ಸ್ನಾಯು ಕೈ ಮಡಚಿದರೆ, ಹಿಂದಿನದು ನೇರ ಮಾಡುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ ಟೆಂಡನ್. ಮೂಳೆಗೆ ಮೂಳೆಯನ್ನು ಬಿಗಿಯುವ ಪಟ್ಟಿ ಲಿಗಮೆಂಟ್. ಇವೆರಡಕ್ಕೂ ರಕ್ತದ ಹರಿವು ಕಡಿಮೆ. ಹಾಗಾಗಿ ಪೆಟ್ಟಾದರೆ ವಾಸಿಯಾಗುವುದು ನಿಧಾನ.

ಬೆನ್ನುಮೂಳೆಯ ಮಣಿಗಳ ನಡುವೆ 23 ಡಿಸ್ಕ್‌ಗಳು ಮೆತ್ತೆಯಂತೆ ಕೂತಿವೆ. ಸೊಂಟ ಬಗ್ಗಿಸಿ, ಭಾರವನ್ನು ಮೈಯಿಂದ ದೂರ ಹಿಡಿದರೆ, ಸನ್ನೆಗೋಲಿನ ಲೆಕ್ಕದಲ್ಲಿ ಅದರ ಹಲವು ಪಟ್ಟು ಒತ್ತಡ ಸೊಂಟದ ಡಿಸ್ಕ್ ಮೇಲೆ ಬೀಳುತ್ತದೆ. ಆದ್ದರಿಂದ ಮಂಡಿ ಮಡಚಿ, ಭಾರವನ್ನು ಮೈಗೆ ಒತ್ತಿಕೊಂಡು, ತೊಡೆಯ ಬಲದಿಂದ ಏಳಿ. ಭಾರ ಹಿಡಿದು ಸೊಂಟ ತಿರುಚಬೇಡಿ, ಪಾದ ಸರಿಸಿ ತಿರುಗಿ.

ಸಂಬಳ ಕಟ್ ಆಗುತ್ತೆ ಅಂತ ನೋವಿನ ಮಾತ್ರೆ ನುಂಗಿ ದಿನ ದೂಡಬೇಡಿ. ಕಾಲು ಜೋಮು ಹಿಡಿದರೆ ಡಾಕ್ಟರಿಗೆ ತೋರಿಸಿ. ತೊಡೆಸಂದು ಮರಗಟ್ಟಿದರೆ, ಮೂತ್ರದ ಮೇಲೆ ಹಿಡಿತ ತಪ್ಪಿದರೆ ತಕ್ಷಣ ಎಮರ್ಜೆನ್ಸಿಗೆ ಹೋಗಿ. ಊರಲ್ಲಿರುವ ಮನೆ ನಿಂತಿರುವುದೂ ಈ ಬೆನ್ನಿನ ಮೇಲೆಯೇ.